ದೂರಶಿಕ್ಷಣಕ್ಕೆ ಹತ್ತಿರದ ಆಸರೆ

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಪಠ್ಯ)

 

ಪ್ರತಿವರ್ಷ ಈ ಸಭೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಕಾಲೇಜಿಗೆ ಹೋಗುವ ಮಕ್ಕಳ ಬಗ್ಗೆ ಮಾತಾಡುತ್ತೇವೆ. ಇಂದು ಆ ಮಕ್ಕಳ ಜೊತೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತವರ ಬಗ್ಗೆ ಮಾತಾಡಲು ಬಯಸುತ್ತೇವೆ. ಪಿಯುಸಿ ಆದ ಕೂಡಲೇ ಮದುವೆಯಾಗಿ ಓದು ನಿಲ್ಲಿಸಿದ ತಾಯಂದಿರು ಇಲ್ಲಿದ್ದಾರೆ. ಮನೆಯ ಜವಾಬ್ದಾರಿ ಹೆಗಲಿಗೆ ಬಿದ್ದು ಅಂಗಡಿ, ಆಟೋ, ಮೀನು ವ್ಯಾಪಾರ ಎಂದು ಹೋದ ಅಣ್ಣಂದಿರಿದ್ದಾರೆ. ಹತ್ತು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರಿದ್ದಾರೆ. 'ಇನ್ನೂ ಓದುವ ಆಸೆ ಉಂಟಾ?' ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: 'ಈ ಪ್ರಾಯದಲ್ಲಿ ಓದಿ ಎಂತ ಮಾಡುದು?'

ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕಾಗಿದೆ. ಪದವಿ ಇಲ್ಲದೆ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ, ಪಂಚಾಯತ್ ಅಭಿವೃದ್ಧಿ ಅಧಿಕಾರಿ ಹುದ್ದೆಗೆ, ಬ್ಯಾಂಕಿನ ಗುಮಾಸ್ತ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. ನಮ್ಮ ಸಮುದಾಯ ಬರುವ 2ಬಿ ಪ್ರವರ್ಗದಲ್ಲಿ ರಾಜ್ಯ ಸರಕಾರದ ಹುದ್ದೆಗಳಿಗೆ ಸಾಮಾನ್ಯ ವಯೋಮಿತಿ 38 ವರ್ಷ. ಇಂದು 30 ವರ್ಷದವರು ಪದವಿಗೆ ಸೇರಿದರೆ 33ಕ್ಕೆ ಮುಗಿಸುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಐದು ವರ್ಷ ಕೈಯಲ್ಲಿರುತ್ತದೆ. 35ಕ್ಕೆ ಸೇರಿದರೆ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಹುದ್ದೆ ಬೇಡ ಎನ್ನುವವರಿಗೂ ಓದು ವ್ಯರ್ಥವಲ್ಲ. ತಾಯಿ ಪುಸ್ತಕ ಹಿಡಿದು ಕೂತ ಮನೆಯಲ್ಲಿ ಮಕ್ಕಳಿಗೆ ಓದು ಎಂದು ಹೆಚ್ಚು ಹೇಳಬೇಕಾಗಿಲ್ಲ.

ದೂರಶಿಕ್ಷಣ ನಮ್ಮ ನಾಡಿಗೆ ಹೊಸತಲ್ಲ. 1962ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಕಲಿಸಲು ತೊಡಗಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ 1969ರಷ್ಟು ಹಳೆಯದು. ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, 1985ರಲ್ಲಿ ಬಂತು. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆರಂಭವಾಯಿತು. ಉರ್ದು ಮಾಧ್ಯಮದಲ್ಲಿ ಓದಬೇಕೆನ್ನುವವರಿಗೆ 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದ ದೂರಶಿಕ್ಷಣವೂ ಇದೆ. ರಾಜ್ಯ ಮುಕ್ತ ವಿ.ವಿ.ಯಲ್ಲಿ ಬಿ.ಎ., ಬಿ.ಕಾಂ. ಪದವಿಗಳನ್ನು ಕನ್ನಡದಲ್ಲೇ ಬರೆಯಬಹುದು. ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ, ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಹಾಗಾಗಿ ಅದು ಎರಡನೇ ದರ್ಜೆಯ ಪದವಿ ಎಂಬ ಸಂಕೋಚ ಬೇಡ.

ಬಾಗಿಲು ಇಷ್ಟು ಕಾಲದಿಂದ ತೆರೆದಿದ್ದರೂ ಒಳಗೆ ಹೋಗುವವರು ಕಡಿಮೆ, ಹೋದವರಲ್ಲಿ ಮುಗಿಸುವವರು ಇನ್ನೂ ಕಡಿಮೆ ಯಾಕೆ? ಫೀಸು ಒಂದು ಕಾರಣ. ಆದರೆ ನಮ್ಮಲ್ಲಿಗೆ ಬಂದವರ ಕಷ್ಟ ಕೇಳಿದಾಗ ಫೀಸಿಗಿಂತ ಮೊದಲು ಬರುವ ತೊಡಕುಗಳೇ ಹೆಚ್ಚು ಎಂದು ತಿಳಿಯಿತು.

ಮೊದಲನೆಯದು ದಾಖಲೆ. 2024ರಿಂದ ದೂರಶಿಕ್ಷಣಕ್ಕೆ ಸೇರುವವರೆಲ್ಲ ಯುಜಿಸಿಯ ಜಾಲತಾಣದಲ್ಲಿ ಡೆಬ್ ಐಡಿ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಅದಕ್ಕೆ ಎಬಿಸಿ ಐಡಿ ಬೇಕು, ಎಬಿಸಿ ಐಡಿಗೆ ಆಧಾರ್ ಬೇಕು. ನಮ್ಮ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ. ಅಂಕಪಟ್ಟಿಯಲ್ಲಿ ಫಾತಿಮಾ, ಆಧಾರ್‌ನಲ್ಲಿ ಫಾತಿಮಾ ಬಾನು. ಅಲ್ಲಿ ತಂದೆಯ ಇನಿಷಿಯಲ್, ಇಲ್ಲಿ ಗಂಡನ ಹೆಸರು. ಹುಟ್ಟಿದ ತಾರೀಕೂ ಕೆಲವೊಮ್ಮೆ ಬೇರೆ. ಇದನ್ನು ಸರಿಪಡಿಸುವಷ್ಟರಲ್ಲಿ ಪ್ರವೇಶದ ದಿನ ಮುಗಿದಿರುತ್ತದೆ.

ಎರಡನೆಯದು ಒಂಟಿತನ. ಕಾಲೇಜಿನಲ್ಲಿ ಪಕ್ಕದ ಬೆಂಚಿನವರು 'ನಾಳೆ ಅಸೈನ್‌ಮೆಂಟ್ ಕೊಡ್ಬೇಕು ಮಾರಾಯ್ತಿ' ಎಂದು ನೆನಪಿಸುತ್ತಾರೆ. ಮನೆಯಲ್ಲಿ ಓದುವವರಿಗೆ ಹಾಗೆ ಹೇಳುವವರು ಯಾರೂ ಇಲ್ಲ. ಇಗ್ನೋದ ಹೆಚ್ಚಿನ ವಿಷಯಗಳಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70 ಅಂಕ. ಅಸೈನ್‌ಮೆಂಟ್ ಸಲ್ಲಿಸದಿದ್ದರೆ ಪರೀಕ್ಷೆ ಬರೆದೂ ಫಲವಿಲ್ಲ. ಪರೀಕ್ಷಾ ಅರ್ಜಿಯ ಕೊನೆಯ ದಿನ ತಪ್ಪಿದರೆ ಆರು ತಿಂಗಳು ಹೋಯಿತು. ಓದಲು ಬಾರದೆ ಬಿಟ್ಟವರಿಗಿಂತ ದಿನಾಂಕ ತಿಳಿಯದೆ ಬಿಟ್ಟವರೇ ನಮ್ಮ ಬಳಿಗೆ ಹೆಚ್ಚು ಬಂದಿದ್ದಾರೆ.

ಮೂರನೆಯದು ದಾರಿ. ಕೋಟೇಶ್ವರದಿಂದ ಉಡುಪಿಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು. ಬೈಂದೂರು ಕಡೆಯವರಿಗೆ ಅದರ ಎರಡು ಪಾಲು. ಬೆಳಿಗ್ಗಿನ ಸಂಪರ್ಕ ತರಗತಿಗೋ ಪರೀಕ್ಷೆಗೋ ಹೋಗಬೇಕಾದ ತಾಯಿ ಮಗುವನ್ನು ಯಾರ ಬಳಿ ಬಿಡಬೇಕು, ಅಂಗಡಿಯ ಹುಡುಗ ರಜೆಯನ್ನು ಯಾರಲ್ಲಿ ಕೇಳಬೇಕು? ಬಸ್ಸಿನ ಖರ್ಚಿಗಿಂತ ಈ ಪ್ರಶ್ನೆ ದೊಡ್ಡದು.

ವಿಶ್ವವಿದ್ಯಾಲಯ ದೂರದಲ್ಲಿದೆ, ಆದ್ದರಿಂದ ನೆರವು ಹತ್ತಿರದಲ್ಲಿರಬೇಕು. ಈ ವರ್ಷದ ನಮ್ಮ ಯೋಜನೆಯ ತಿರುಳು ಇಷ್ಟೇ. ಫೀಸಿನ ಚೆಕ್ ಕೊಟ್ಟು ಕೈತೊಳೆದುಕೊಳ್ಳದೆ, ಪ್ರವೇಶದಿಂದ ಪದವಿ ಪ್ರಮಾಣಪತ್ರದವರೆಗೆ ಜೊತೆಗಿರಲು ತೀರ್ಮಾನಿಸಿದ್ದೇವೆ. ಟ್ರಸ್ಟಿನ ಕಚೇರಿಯಲ್ಲಿ ಭಾನುವಾರ ಬೆಳಿಗ್ಗೆ ದಾಖಲೆ ಪರಿಶೀಲನೆ ಮತ್ತು ಆನ್‌ಲೈನ್ ಅರ್ಜಿಗೆ ಸಹಾಯ ಇರುತ್ತದೆ. ಒಂದೇ ಕೋರ್ಸಿನವರನ್ನು ಸೇರಿಸಿ ಸಣ್ಣ ಗುಂಪು ಮಾಡುತ್ತೇವೆ, ಮಹಿಳೆಯರಿಗೆ ಪ್ರತ್ಯೇಕ ಗುಂಪು. ದಿನಾಂಕಗಳನ್ನು ಗುಂಪಿನಲ್ಲೂ ನೋಟಿಸು ಬೋರ್ಡಿನಲ್ಲೂ ತಿಳಿಸುತ್ತೇವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ತಮ್ಮ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ, ಈಗಿನ 'ಅರಿವು ಕೇಂದ್ರ'ಕ್ಕೆ, ಹೋಗಿ ವಿಚಾರಿಸಬಹುದು. ಇಗ್ನೋದ ಪಾಠಗಳು 'ಇ-ಜ್ಞಾನಕೋಶ'ದಲ್ಲಿ, ಅನೇಕ ವಿಷಯಗಳ ವೀಡಿಯೋ ಪಾಠಗಳು ಕೇಂದ್ರ ಸರಕಾರದ 'ಸ್ವಯಂ' ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಇನ್ನು ಎಚ್ಚರಿಕೆಯ ಮಾತು. ಪ್ರವೇಶಕ್ಕೆ ಮೊದಲು, ಆ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಲೇಬೇಕು. ನಮ್ಮ ರಾಜ್ಯ ಮುಕ್ತ ವಿ.ವಿ.ಗೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ನಡುವೆ ಸೇರಿದ್ದ ವಿದ್ಯಾರ್ಥಿಗಳು ಪಟ್ಟ ಪಾಡು ರಾಜ್ಯಕ್ಕೇ ಗೊತ್ತಿದೆ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಅವಕಾಶವೇ ಇಲ್ಲ. ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಹಣ ಕೊಡಬೇಡಿ. ಬಿ.ಎಡ್. ಇದ್ದರೂ ಎಲ್ಲರಿಗೂ ಸಿಗುವುದಿಲ್ಲ, ಅದಕ್ಕೆ ಪ್ರತ್ಯೇಕ ಅರ್ಹತೆ ಇದೆ. ಪಿಯುಸಿ ಆಗದವರು ಎನ್‌ಐಒಎಸ್ ಮೂಲಕವೋ ಖಾಸಗಿ ಅಭ್ಯರ್ಥಿಯಾಗಿಯೋ ಅದನ್ನು ಮೊದಲು ಮುಗಿಸಬೇಕು.

ದಾನಿಗಳಲ್ಲಿ ಕೆಲವರು ನಮ್ಮನ್ನು ಕೇಳಿದ್ದಾರೆ: ಮಕ್ಕಳಿಗೇ ಹಣ ಸಾಲದಿರುವಾಗ ದೊಡ್ಡವರಿಗೆ ಯಾಕೆ? ನ್ಯಾಯವಾದ ಪ್ರಶ್ನೆ. ಮಕ್ಕಳ ವಿದ್ಯಾರ್ಥಿವೇತನದಿಂದ ಒಂದು ರೂಪಾಯಿಯನ್ನೂ ಇದಕ್ಕೆ ತೆಗೆಯುವುದಿಲ್ಲ, ಇದಕ್ಕೆ ಬೇರೆಯೇ ಖಾತೆ ಇದೆ. ಝಕಾತ್ ಹಣ ಝಕಾತ್‌ಗೆ ಅರ್ಹರಾದ ಬಡವರಿಗೆ ಮಾತ್ರ ಹೋಗುತ್ತದೆ, ಉಳಿದವರಿಗೆ ಸಾಮಾನ್ಯ ದೇಣಿಗೆಯಿಂದ. ಮೇಲಾಗಿ, ವೃತ್ತಿಪರ ಕೋರ್ಸಿಗೆ ಸೇರಿದ ಒಬ್ಬ ವಿದ್ಯಾರ್ಥಿಗೆ ಬೇಕಾಗುವ ಹಣದಲ್ಲಿ ಮುಕ್ತ ವಿ.ವಿ.ಯ ಹಲವರ ಬಿ.ಎ. ಮುಗಿಯುತ್ತದೆ.

ಹಣಕ್ಕಿಂತ ಬೇರೆ ದಾನವನ್ನೂ ಕೇಳುತ್ತೇವೆ. ನಿವೃತ್ತ ಶಿಕ್ಷಕರು, ಉಪನ್ಯಾಸಕರು ತಿಂಗಳಿಗೆ ಎರಡು ಭಾನುವಾರ ಕೊಡಿ. ಅಂಗಡಿ, ಹೋಟೆಲ್, ಗೇರುಬೀಜ ಕಾರ್ಖಾನೆ ನಡೆಸುವವರು ಓದುತ್ತಿರುವ ನೌಕರರಿಗೆ ಪರೀಕ್ಷೆಯ ದಿನ ಸಂಬಳ ಸಹಿತ ರಜೆ ಕೊಡಿ. ಗಂಡಂದಿರೇ, ಅತ್ತೆಯಂದಿರೇ, ದಿನಕ್ಕೆ ಒಂದು ಗಂಟೆ ಮಗುವನ್ನು ನೋಡಿಕೊಳ್ಳಿ.

ಈ ವರ್ಷದ ದೂರಶಿಕ್ಷಣ ಸಹಾಯಧನದ ವಿವರ ಹೀಗಿದೆ:

• ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕಿನ ನಿವಾಸಿಗಳು ಅರ್ಜಿ ಹಾಕಬಹುದು. ವಯಸ್ಸಿನ ಮಿತಿ ಇಲ್ಲ.

• ಯುಜಿಸಿ ಮಾನ್ಯತೆ ಇರುವ ಕೋರ್ಸಿಗೆ ಮಾತ್ರ. ಫೀಸನ್ನು ವಿ.ವಿ.ಯ ಖಾತೆಗೇ ನೇರವಾಗಿ ಕಟ್ಟುತ್ತೇವೆ, ಮಧ್ಯವರ್ತಿಗಳಿಗೆ ಕೊಡುವುದಿಲ್ಲ. ಬಿಪಿಎಲ್ ಮಹಿಳೆಯರಿಗೆ, ಆಟೋ ಚಾಲಕರಿಗೆ ರಾಜ್ಯ ಮುಕ್ತ ವಿ.ವಿ. ಶುಲ್ಕ ರಿಯಾಯಿತಿ ಪ್ರಕಟಿಸಿದ್ದರೆ ಅದನ್ನು ಮೊದಲು ಬಳಸಿಕೊಳ್ಳಬೇಕು.

• ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ ತರಬೇಕು. ಹೆಸರಿನಲ್ಲಿ ವ್ಯತ್ಯಾಸ ಇದ್ದರೂ ಬನ್ನಿ, ತಿದ್ದುಪಡಿಗೆ ನೆರವಾಗುತ್ತೇವೆ.

• ಎರಡನೇ ವರ್ಷದ ಸಹಾಯಕ್ಕೆ ಮೊದಲ ವರ್ಷದ ಅಸೈನ್‌ಮೆಂಟ್ ಸಲ್ಲಿಸಿ ಪರೀಕ್ಷೆ ಬರೆದಿರಬೇಕು. ಒಂದೆರಡು ವಿಷಯ ಉಳಿದಿದ್ದರೆ ಅಡ್ಡಿಯಿಲ್ಲ. ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಲು ಅವಕಾಶವಿದೆ.

• ಪ್ರವೇಶ ವರ್ಷಕ್ಕೆ ಎರಡು ಬಾರಿ, ಜುಲೈ ಮತ್ತು ಜನವರಿ ಆವೃತ್ತಿಗೆ. ವಿ.ವಿ. ಪ್ರಕಟಿಸುವ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ನಮ್ಮ ಕಚೇರಿಗೆ ಅರ್ಜಿ ತಲುಪಬೇಕು.

ಇಂದು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಅರ್ಜಿ ನಮೂನೆ ಸಿಗುತ್ತದೆ. ಮಕ್ಕಳ ಅರ್ಜಿ ತೆಗೆದುಕೊಳ್ಳುವ ತಾಯಂದಿರು ತಮಗೂ ಒಂದನ್ನು ಕೇಳಿ ಪಡೆಯಿರಿ. ತುಂಬಲು ಕಷ್ಟವಾದರೆ ಭಾನುವಾರ ಬನ್ನಿ, ಕೂತು ತುಂಬೋಣ.