ಸುಡುಸುಡು ಚಹಾ ಮತ್ತು ನಮ್ಮ ಮನೆಯ ಗಂಡಸರು



ಸಂಘದ ಸಭೆಗಳಲ್ಲಿ ನಾವು ಆಗಾಗ ಕೇಳುವ ದೂರು ಇದು: "ಸಿಸ್ಟರ್, ಚಹಾ ಸ್ವಲ್ಪ ಆರಿದ್ರೂ ಸಾಕು, ನಮ್ಮ ಯಜಮಾನ್ರು ಲೋಟ ಕುಕ್ಕಿ ಎದ್ದು ಹೋಗ್ತಾರೆ." ಅದಕ್ಕೇ ಈ ದಿನ ಚಹಾದ ಮಾತು.

ಚಹಾ, ಕಾಫಿಯೇ ವಿಷ ಅಂತ ಹೆದರಬೇಡಿ. ತೊಂದರೆ ಇರುವುದು ಅತಿಯಾದ ಬಿಸಿಯಲ್ಲಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ತಿಳಿಸಿತು. ಅನ್ನನಾಳ ಅಂದ್ರೆ ಗಂಟಲಿನಿಂದ ಹೊಟ್ಟೆಗೆ ಅನ್ನ ಇಳಿಯುವ ಕೊಳವೆ.

ಇದು ಗಂಡಸರಿಗೇ ಯಾಕೆ ಹೆಚ್ಚು ಅನ್ವಯ? ಚೀನಾದಲ್ಲಿ ನಾಲ್ಕೂವರೆ ಲಕ್ಷ ಜನರನ್ನು ಸುಮಾರು 9 ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸುಡು ಚಹಾದ ಜೊತೆ ದಿನಾ ಮದ್ಯವೂ ಸೇರಿದವರಲ್ಲಿ ಈ ಕ್ಯಾನ್ಸರ್ ಅಪಾಯ ಸುಮಾರು 5 ಪಟ್ಟು, ಧೂಮಪಾನ ಸೇರಿದವರಲ್ಲಿ 2 ಪಟ್ಟು ಕಂಡಿತು. ಎರಡೂ ಇಲ್ಲದವರಲ್ಲಿ ಬರೀ ಚಹಾದಿಂದ ಅಪಾಯ ಹೆಚ್ಚಲಿಲ್ಲ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬೀಡಿ ಯಾರ ಮನೇಲಿದೆ, ನೀವೇ ಹೇಳಿ!

ಬೀಡಿ, ಕುಡಿತ ಬಿಡಿಸುವುದು ಒಂದೇ ದಿನದ ಕೆಲಸವಲ್ಲ, ನಮಗೂ ಗೊತ್ತು. ಆದರೆ ಚಹಾವನ್ನು ಎರಡು ಲೋಟದಲ್ಲಿ ಹೊಯ್ದಾಡಿಸಿ, ಐದು ನಿಮಿಷ ಬಿಟ್ಟು ಕೊಡಬಹುದು. ಬೈದರೆ, "ಸಿಸ್ಟರ್ ಹೇಳಿದ್ದಾರೆ" ಅನ್ನಿ.

"ಅನ್ನ ಇಳೀತಿಲ್ಲ, ತುತ್ತಿಗೊಮ್ಮೆ ನೀರು ಬೇಕು" ಅಂದರೆ ಗ್ಯಾಸ್ ಅಂತ ಬಿಡಬೇಡಿ. ಕೂಡಲೇ ದೊಡ್ಡಾಸ್ಪತ್ರೆಯಲ್ಲಿ ತೋರಿಸಿ. ಸಣ್ಣ ಕ್ಯಾಮರಾ ಕೊಳವೆ ಇಳಿಸಿ ಪರೀಕ್ಷೆ ಮಾಡುತ್ತಾರೆ. ಅವರು ಹಿಂಜರಿದರೆ ನಮಗೆ ಹೇಳಿ ಕಳಿಸಿ, ಜೊತೆಗೆ ಬರುತ್ತೇವೆ.