ನಾಯಿಯ ಕಿವಿನೋವು: ತೊಳೆಯುವ ಮೊದಲು ತಿಳಿಯಬೇಕಾದದ್ದು
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸುಗಳ ಮಾತಿನ ನಡುವೆ ನಾಯಿಯ ಕಿವಿಯ ಮಾತೇಕೆಂದು ತಾವು ನಗಬಹುದು. ಆದರೆ ಹೋಟೆಲಿನ ಹಿಂಬಾಗಿಲಲ್ಲಿ, ಚಾಳಿನ ಮೆಟ್ಟಲಲ್ಲಿ ನಾವೇ ಅನ್ನವಿಕ್ಕಿ ಸಾಕಿದ ಜೀವದ ನೋವು ನಮ್ಮ ಹೊಣೆಯಲ್ಲವೇ?

ಕಳೆದ ಮಳೆಗಾಲದಲ್ಲಿ ನಮ್ಮ ಚಾಳಿನ ನಾಯಿ ತಲೆ ಕೊಡವುತ್ತ, ಕಿವಿ ಕೆರೆಯುತ್ತ ನರಳುತ್ತಿತ್ತು. ಕಿವಿಯಿಂದ ದುರ್ವಾಸನೆ. ಊರಿನಲ್ಲಿ ಮಕ್ಕಳಿಗೆ ಮಾಡುತ್ತಿದ್ದಂತೆ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟೆವು. ಗುಣವಾಗಲಿಲ್ಲ. ಕೊನೆಗೆ ಅದು ತಲೆ ವಾಲಿಸಿ ತೂರಾಡತೊಡಗಿದಾಗ ದನಗಳ ಡಾಕ್ಟರರ ಬಳಿಗೆ ಒಯ್ದೆವು. ಕಿವಿಯ ತಮಟೆ ಒಡೆದು ರೋಗ ಒಳಗಿವಿಗೆ ಇಳಿದಿತ್ತು. ಜೀವ ಉಳಿಯಿತು, ತಲೆ ಇಂದಿಗೂ ಓರೆಯೇ. ತಡಮಾಡಿದ ತಪ್ಪು ನಮ್ಮದು.

ನಾಯಿಯ ಕಿವಿಯ ದಾರಿ ಮೊದಲು ಕೆಳಕ್ಕಿಳಿದು, ಬಳಿಕ ಒಳಕ್ಕೆ ತಿರುಗುತ್ತದೆ. ನೀರು, ಕೊಳೆ ಆ ತಿರುವಿನಲ್ಲಿ ನಿಲ್ಲುತ್ತವೆ. ಅಲ್ಲಿ ಯೀಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕಾಫಿ ಚರಟದಂಥ ಕಪ್ಪು ಕೊಳೆಯಿದ್ದರೆ ನುಸಿಯೂ ಇರಬಹುದು. ಒಂದೊಂದಕ್ಕೂ ಬೇರೆ ಬೇರೆ ಮದ್ದು. ಆದುದರಿಂದಲೇ ಡಾಕ್ಟರರು ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೊಳೆಯ ಮೇಲೆ ಹಾಕಿದ ಮದ್ದು ಚರ್ಮಕ್ಕೆ ತಾಗದು, ಮೊದಲು ತೊಳೆಯಬೇಕು.

ಡಾಕ್ಟರರು ಕೊಟ್ಟ ದ್ರಾವಣವನ್ನೇ ಕಿವಿ ತುಂಬುವಂತೆ ಬಿಡಿರಿ. ಕಿವಿಯ ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ತಿಕ್ಕಿರಿ. ನಾಯಿ ತಲೆ ಕೊಡವಲಿ. ಮೇಲೆ ಬಂದ ಕೊಳೆಯನ್ನು ಹತ್ತಿಯಿಂದ ಒರಸಿರಿ. ಕಡ್ಡಿ ತೂರಿಸಬೇಡಿರಿ; ಕೊಳೆ ಇನ್ನೂ ಒಳಕ್ಕೆ ಹೋಗುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹುಣ್ಣಿಗೆ ಉರಿ ಹಚ್ಚುತ್ತವೆ. ತಮಟೆ ಒಡೆದಿದ್ದರೆ ಕೆಲವು ದ್ರಾವಣಗಳು ಕಿವುಡನ್ನೇ ತರಬಲ್ಲವು. ಅದಕ್ಕಾಗಿ ಮೊದಲು ಡಾಕ್ಟರರು ಕಿವಿಯೊಳಗೆ ನೋಡಲೇಬೇಕು. ವಾಸನೆ ಹೋಯಿತೆಂದು ಮದ್ದನ್ನು ನಡುವೆ ನಿಲ್ಲಿಸಬಾರದು.

ಇನ್ನೊಂದು ಮಾತು. ನೊಂದ ನಾಯಿ ಅನ್ನವಿಕ್ಕಿದ ಕೈಯನ್ನೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಳ್ಳಿರಿ. ಪಾಳಿ ತಪ್ಪೀತೆಂದು ನಾಳೆಗೆ ದೂಡಬೇಡಿರಿ. ಆ ರೋಗ ಹತ್ತಿದ ಮೇಲೆ ಉಳಿಯುವುದು ದುರ್ಲಭ.

ಮುಂಬಯಿಯ ಪರೇಲಿನಲ್ಲಿ ಪಶುವೈದ್ಯ ಕಾಲೇಜು 1886ರಿಂದ ಇದೆ. ಪ್ರಾಣಿಗಳ ಆಸ್ಪತ್ರೆಯೂ ಅಲ್ಲೇ ಇದೆ. ಒಬ್ಬರಿಗೆ ಟ್ಯಾಕ್ಸಿ ಬಾಡಿಗೆ ಹೊರೆಯಾದರೆ, ಕೋಣೆಯ ನಾಲ್ವರು ಕೂಡಿದರೆ ಹೊರೆಯಲ್ಲ. ನಮ್ಮ ಸಂಘ ನಮಗೆ ಕಲಿಸಿದ್ದೂ ಇದನ್ನೇ. ಮಾತಾಡಲಾರದ ಜೀವದ ಪರವಾಗಿ ಇಷ್ಟು ಹೇಳಿ ಮುಗಿಸುತ್ತೇವೆ.