ಗಂಟಿನೊಳಗಣ ಪಟ್ಟಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ರೂಢಿ. ಆ ಕೆಲಸವನ್ನು ನಮಗಿಂತ ಬಲ್ಲವರು ಈಗಾಗಲೇ ಮಾಡಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ. ಸಂಘದ ಹಳೆಯ ಕಾಗದಪತ್ರ, ಸ್ಮರಣ ಸಂಚಿಕೆ, ನಾಟಕಗಳ ಭಾವಚಿತ್ರ, ಸದಸ್ಯರ ಮನೆಗಳ ಪೆಟ್ಟಿಗೆಯಲ್ಲಿ ಉಳಿದಿರುವ ಊರಿನ ಪತ್ರಗಳು, ಇವೆಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಒಂದೇ ಗಂಟಾಗಿ ಕಟ್ಟಿಡಬೇಕೆಂದು ಕಾರ್ಯಕಾರಿ ಸಮಿತಿ ನಿಶ್ಚಯಿಸಿದೆಯಷ್ಟೆ. ಹಾಗೆ ಗಂಟು ಕಟ್ಟುವ ಸಲಕರಣೆಯ ಒಳಗೆ ಏನು ನಡೆಯುತ್ತದೆ, ಅದರಲ್ಲಿ ಮಾಹಿತಿಯನ್ನು ಜೋಡಿಸುವ ಕ್ರಮ ಎಂಥದು ಎಂಬುದನ್ನು ತಿಳಿಯಹೇಳಬೇಕೆಂದು ಅಪ್ಪಣೆಯಾಗಿದೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ತರುಣರು ಇದನ್ನು ದತ್ತಾಂಶ ರಚನೆ ಎಂದು ಕರೆಯುತ್ತಾರೆ. ಹೆಸರು ದೊಡ್ಡದು, ಸಂಗತಿ ನಮ್ಮ ಅಟ್ಟದ ಮೇಲಿನ ಸಾಮಾನು ಜೋಡಿಸುವ ಸಂಗತಿಯೇ.

ಗಂಟು ಎಷ್ಟು ಕಿರಿದಾಯಿತು ಎಂಬುದನ್ನೇ ಜನ ಮೊದಲು ಕೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಒಳಗಿರುವ ವಸ್ತುಗಳ ಪಟ್ಟಿ ಎಲ್ಲಿದೆ, ಅದು ಯಾವ ಲಿಪಿಯಲ್ಲಿದೆ, ಪಟ್ಟಿ ಹರಿದುಹೋದರೆ ಗತಿಯೇನು, ಇವೇ ಮೊದಲು ಕೇಳತಕ್ಕ ಪ್ರಶ್ನೆಗಳು.

ಫೈಲಿಗೆ ಕನ್ನಡದಲ್ಲಿ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಅಂಥ ಕಡತದಲ್ಲಿ ಒಂದು ಬಾಬನ್ನು ಹುಡುಕಬೇಕಾದರೆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಕಂಪ್ಯೂಟರಿನ ಗಂಟುಗಳಲ್ಲಿ ಹಳೆಯದಾದ ಟಾರ್ ಎಂಬುದರ ಸ್ವಭಾವವೂ ಇದೇ.

ಟಾರ್ ಬಂದದ್ದು 1979ರಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ. ಟೇಪ್ ಆರ್ಕೈವ್ ಎಂಬುದರ ಸಂಕ್ಷೇಪವೇ ಆ ಹೆಸರು. ಆಗ ದಾಸ್ತಾನು ಇಡುತ್ತಿದ್ದುದು ಕಾಂತಪಟ್ಟಿಯ ಸುರುಳಿಗಳಲ್ಲಿ. ಸುರುಳಿಯನ್ನು ಮುಂದಕ್ಕೆ ಓಡಿಸಬಹುದು. ಬೇಕಾದ ಕಡೆಗೆ ಹಾರಿ ಕೂರುವುದು ಸುಲಭವಲ್ಲ. ಆದುದರಿಂದ ಗಂಟನ್ನು 512 ಬೈಟುಗಳ ಸಮನಾದ ತುಂಡುಗಳಾಗಿ ಎಣಿಸಿದರು. (ರೋಮನ್ ಅಕ್ಷರವೊಂದು ಕೂರುವಷ್ಟು ಜಾಗಕ್ಕೆ ಒಂದು ಬೈಟು ಎನ್ನೋಣ.) ಪ್ರತಿ ಫೈಲಿನ ಮುಂದೆ ಒಂದು ತುಂಡು ಅದರ ಚೀಟಿ. ಚೀಟಿಯಲ್ಲಿ ಹೆಸರಿಗೆ 100 ಬೈಟು, ಗಾತ್ರಕ್ಕೆ 12, ಕೊನೆಯ ಸಲ ತಿದ್ದಿದ ಸಮಯಕ್ಕೆ 12, ಚೀಟಿ ಕೆಟ್ಟಿದೆಯೇ ಎಂದು ನೋಡುವ ಮೊತ್ತಕ್ಕೆ 8, ಹೀಗೆ ಜಾಗ ಗೊತ್ತುಮಾಡಿದ್ದಾರೆ. ಚೀಟಿಯ ಹಿಂದೆಯೇ ಫೈಲಿನ ಒಡಲು. ಕೊನೆಯ ತುಂಡು ತುಂಬದಿದ್ದರೆ ಸೊನ್ನೆಗಳಿಂದ ತುಂಬುತ್ತಾರೆ. 700 ಬೈಟಿನ ಫೈಲಾದರೆ ಚೀಟಿಗೊಂದು ತುಂಡು, ಒಡಲಿಗೆ ಎರಡು, ಒಟ್ಟು 1,536 ಬೈಟು. ಎಲ್ಲ ಮುಗಿದ ಮೇಲೆ ಬರಿಯ ಸೊನ್ನೆಯ ಎರಡು ತುಂಡು; ಇನ್ನೇನೂ ಇಲ್ಲವೆಂದು ಅರ್ಥ.

ಇದರಲ್ಲಿ ನಮಗೆ ಮೆಚ್ಚುಗೆಯಾದ ಸಂಗತಿಯೊಂದುಂಟು. ಆ ದಿನಗಳಲ್ಲಿ ಸಂಖ್ಯೆಯ ಬೈಟುಗಳನ್ನು ಒಂದು ಯಂತ್ರ ತಲೆಯಿಂದ ಜೋಡಿಸಿದರೆ ಇನ್ನೊಂದು ಬಾಲದಿಂದ ಜೋಡಿಸುತ್ತಿತ್ತು. ಟಾರ್ ಮಾಡಿದವರು ಆ ಜಗಳಕ್ಕೇ ಹೋಗಲಿಲ್ಲ. 0ಯಿಂದ 7ರ ವರೆಗಿನ ಅಂಕಿಗಳನ್ನು ಅಕ್ಷರಗಳಾಗಿಯೇ ಬರೆದಿಟ್ಟರು. ಜಾಗ ಹೆಚ್ಚು ಹಿಡಿಯಿತು, ನಿಜ. ಆದರೆ ಅಂದು ಕಟ್ಟಿದ ಗಂಟನ್ನು ಇಂದಿನ ಯಂತ್ರವೂ ಬಿಚ್ಚುತ್ತದೆ. ಗಾತ್ರಕ್ಕೆ 11 ಅಂಕಿಗಳಷ್ಟೇ ಸಿಕ್ಕುವುದರಿಂದ ಸುಮಾರು 859 ಕೋಟಿ ಬೈಟಿನ ಆಚೆಗೆ ಹಳೆಯ ಚೀಟಿಯಲ್ಲಿ ಬರೆಯಲಾಗುವುದಿಲ್ಲ. ಅಂದಿಗೆ ಅದು ಸಮುದ್ರ. ಈಗ ಒಂದು ಮದುವೆಯ ವಿಡಿಯೋ ಆ ಸಮುದ್ರವನ್ನು ತುಂಬಿಸಿಬಿಡಬಹುದು!

ಟಾರಿನಲ್ಲಿ ಒಟ್ಟು ಪಟ್ಟಿಯೆಂಬುದೇ ಇಲ್ಲ. ಪ್ರತಿ ವಸ್ತುವಿಗೂ ಅದರದರ ಚೀಟಿ ಉಂಟು, ಅಷ್ಟೆ. ಕೊನೆಯ ವಸ್ತು ಬೇಕಾದರೆ ಎಲ್ಲ ಚೀಟಿಗಳನ್ನೂ ದಾಟಿ ಹೋಗಬೇಕು.

ಸುರುಳಿ ಹೋಗಿ ಫ್ಲಾಪಿ ಬಂದಾಗ ಈ ಕ್ರಮ ಸಾಲದಾಯಿತು. 1989ರಲ್ಲಿ ಮಿಲ್ವಾಕಿ ನಗರದ ಫಿಲ್ ಕಾಟ್ಸ್ ಎಂಬ 26 ವಯಸ್ಸಿನ ತರುಣ ಜಿಪ್ ಎಂಬ ಹೊಸ ಕ್ರಮವನ್ನು ಹೊರತಂದ. ಅದರ ಒಳರಚನೆಯನ್ನು ಬಚ್ಚಿಡದೆ, ಬೇಕಾದವರು ಬಳಸಲೆಂದು ಪ್ರಕಟಿಸಿಯೂ ಬಿಟ್ಟ. ಇಂದಿಗೂ ಯಾವ ಜಿಪ್ಪನ್ನು ಒಡೆದು ಬೈಟು ಬೈಟಾಗಿ ನೋಡಿದರೂ ಚೀಟಿಗಳ ತಲೆಯಲ್ಲಿ ಪಿ, ಕೆ ಎಂಬ ಎರಡು ರೋಮನ್ ಅಕ್ಷರಗಳು ಕಾಣುತ್ತವೆ. ಅವು ಆತನ ಹೆಸರಿನ ಮೊದಲಕ್ಷರಗಳು. ತಾವು ವರ್ಡ್‌ನಲ್ಲಿ ಬರೆಯುವ ಕಾಗದ, ಫೋನಿಗೆ ಇಳಿಸಿಕೊಳ್ಳುವ ಆಂಡ್ರಾಯ್ಡ್ ಆ್ಯಪು, ಇ-ಪುಸ್ತಕ, ಇವುಗಳ ಒಳಗಿರುವುದೂ ಜಿಪ್ಪೇ. ಆತ 2000ದಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡ.

ಜಿಪ್ಪಿನಲ್ಲಿಯೂ ಪ್ರತಿ ಫೈಲಿನ ಮುಂದೆ ಚೀಟಿ ಉಂಟು. 30 ಬೈಟು, ಅದರ ಮೇಲೆ ಹೆಸರು. ಅದಲ್ಲದೆ ಎಲ್ಲ ಫೈಲುಗಳೂ ಮುಗಿದ ಮೇಲೆ ಒಟ್ಟು ಪಟ್ಟಿಯೊಂದನ್ನು ಬರೆಯುತ್ತಾರೆ. ಒಂದೊಂದು ಬಾಬಿಗೆ 46 ಬೈಟು ಮತ್ತು ಹೆಸರು. ಆ ಫೈಲು ಗಂಟಿನ ಮೊದಲಿನಿಂದ ಎಷ್ಟನೆಯ ಬೈಟಿನಲ್ಲಿ ಆರಂಭವಾಗುತ್ತದೆ ಎಂಬುದೂ ಅಲ್ಲಿ ನಮೂದಾಗಿರುತ್ತದೆ. ಪಟ್ಟಿಯ ಬಳಿಕ 22 ಬೈಟಿನ ಒಂದು ಕಡೆಯ ಚೀಟಿ: ಪಟ್ಟಿ ಎಲ್ಲಿ ಶುರುವಾಯಿತು, ಬಾಬುಗಳೆಷ್ಟು ಎಂದು. ಬಿಚ್ಚುವವನು ಗಂಟನ್ನು ಬಾಲದಿಂದ ಹಿಡಿಯುತ್ತಾನೆ. ಕಡೆಯ ಚೀಟಿ ನೋಡಿ ಪಟ್ಟಿಗೆ, ಪಟ್ಟಿ ನೋಡಿ ನೇರವಾಗಿ ಬೇಕಾದ ಫೈಲಿಗೆ ಹೋಗುತ್ತಾನೆ. ಹತ್ತು ಸಾವಿರ ಪತ್ರಗಳಲ್ಲಿ ಒಂದನ್ನು ತೆಗೆಯಲು ಉಳಿದವನ್ನು ಮುಟ್ಟಬೇಕಾಗಿಲ್ಲ.

ಪಟ್ಟಿ ಮೊದಲಿಗಿರಬೇಡವೇ ಎಂದು ಯಾರಾದರೂ ಕೇಳಬಹುದು. ಪುಸ್ತಕದ ಪರಿವಿಡಿ ಮೊದಲಿಗೆ ಇರುತ್ತದೆ. ಆದರೆ ಅದನ್ನು ಅಚ್ಚುಹಾಕುವುದು ಪುಟಸಂಖ್ಯೆ ಗೊತ್ತಾದ ಮೇಲೆ. ಗಂಟು ಕಟ್ಟುವಾಗ ಫೈಲು ಒತ್ತಿದ ಮೇಲೆ ಎಷ್ಟಾಯಿತೆಂಬುದು ಮುಂಚಿತವಾಗಿ ತಿಳಿಯದು. ಪಟ್ಟಿ ಕೊನೆಗಿದ್ದರೆ ಮತ್ತೊಂದು ಫೈಲನ್ನು ಸೇರಿಸುವುದೂ ಸುಲಭ: ಹಳೆಯ ಪಟ್ಟಿಯ ಜಾಗದಲ್ಲಿ ಹೊಸ ಫೈಲು ಬರೆದು, ಅದರ ಮುಂದೆ ಹೊಸ ಪಟ್ಟಿ ಬರೆದರಾಯಿತು. ಹಿಂದಿನ ಫೈಲುಗಳನ್ನು ಅಲ್ಲಾಡಿಸಬೇಕಾಗಿಲ್ಲ.

ಇಲ್ಲಿ ಒಂದೇ ಹೆಸರನ್ನು ಎರಡು ಕಡೆ ಬರೆದಂತಾಯಿತು. ಒಂದು ಮಾತನ್ನು ಎರಡು ಕಡೆ ಬರೆಯಬಾರದೆಂಬುದು ಈ ವಿದ್ಯೆಯಲ್ಲಿ ಮೊದಲ ಪಾಠ. ಎರಡೂ ಬೇರೆಬೇರೆಯಾದರೆ ಯಾವುದನ್ನು ನಂಬುವುದು? (ಕಿಡಿಗೇಡಿಗಳು ಈ ಸಂದನ್ನು ಬಳಸಿಕೊಂಡದ್ದೂ ಉಂಟು.) ಆದರೂ ನಾವು ಕಾಟ್ಸನ ಪಕ್ಷವೇ. ಇಳಿಸಿಕೊಳ್ಳುವಾಗ ಸಂಪರ್ಕ ಕಡಿದು ಗಂಟಿನ ಬಾಲ ತುಂಡಾಯಿತೆನ್ನಿ; ಪಟ್ಟಿಯಿರುವುದೇ ಅಲ್ಲಿ. ಸಾಮಾನ್ಯ ಸಲಕರಣೆ ಇದು ಜಿಪ್ಪೇ ಅಲ್ಲವೆಂದು ಕೈಯೊದರಿಬಿಡುತ್ತದೆ. ಆದರೆ ಪ್ರತಿ ಫೈಲಿನ ಮುಂದಿನ ಚೀಟಿ ಉಳಿದಿದೆಯಲ್ಲ! ದುರಸ್ತಿ ಮಾಡುವ ಸಲಕರಣೆ ಆ ಚೀಟಿಗಳನ್ನು ಒಂದೊಂದಾಗಿ ಹುಡುಕಿ ಹೊಸ ಪಟ್ಟಿ ಕಟ್ಟಬಲ್ಲದು. ಗಾತ್ರ ತಿಳಿಯುವ ಮೊದಲೇ ಚೀಟಿ ಬರೆದುಬಿಟ್ಟ ಗಂಟುಗಳಲ್ಲಿ ಮಾತ್ರ ಗಾತ್ರದ ಜಾಗದಲ್ಲಿ 0 ಇರುವುದರಿಂದ ಈ ಕೆಲಸ ತೊಡಕಾಗುತ್ತದೆ.

ಇನ್ನು ಕಿರಿದು ಮಾಡುವ ವಿಚಾರ. ಜಿಪ್ಪಿನ ರೂಢಿಯ ಉಪಾಯದಲ್ಲಿ ಎರಡು ಅಂಶಗಳಿವೆ. ಹಿಂದೆ ಬಂದ ಮಾತು ಮತ್ತೆ ಬಂದರೆ, ಇಷ್ಟು ಬೈಟು ಹಿಂದೆ ಹೋಗಿ ಇಷ್ಟನ್ನು ನಕಲು ಮಾಡು ಎಂದು ಬರೆಯುವುದು ಒಂದು. ಇದು ಲೆಂಪೆಲ್ ಮತ್ತು ಜಿವ್ ಎಂಬವರು 1977ರಲ್ಲಿ ತೋರಿಸಿದ ದಾರಿ. ಹೆಚ್ಚು ಸಲ ಬರುವುದಕ್ಕೆ ಗಿಡ್ಡ ಸಂಕೇತ ಕೊಡುವುದು ಇನ್ನೊಂದು. ಹಫ್‌ಮನ್ನನ 1952ರ ವಿಧಾನ. ಹಿಂದಕ್ಕೆ ನೋಡುವ ದೂರ 32,768 ಬೈಟು. ಜಿಪ್ಪಿನಲ್ಲಿ ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಒತ್ತುತ್ತಾರೆ. ಟಾರ್ ಸ್ವತಃ ಒತ್ತುವುದಿಲ್ಲವಾದ್ದರಿಂದ ಇಡೀ ಗಂಟನ್ನು 1992ರಲ್ಲಿ ಬಂದ ಜಿಜಿಪ್ ಎಂಬುದಕ್ಕೆ ಕೊಟ್ಟು ಒಟ್ಟಾಗಿ ಒತ್ತುವ ವಾಡಿಕೆ ಬಂತು. ಒಂದೇ ಬಗೆಯ ಸಣ್ಣ ಸಣ್ಣ ಬರೆಹಗಳಿದ್ದರೆ ಒಟ್ಟಾಗಿ ಒತ್ತಿದ್ದೇ ಹೆಚ್ಚು ಕಿರಿದಾಗುತ್ತದೆ. ಅದಕ್ಕೆ ತೆರುವ ಬೆಲೆಯೂ ಉಂಟು. ಪ್ರತಿ ಮಾತೂ ಹಿಂದಿನ ಮಾತಿಗೆ ಜೋತುಬಿದ್ದಿರುವುದರಿಂದ ನಡುವೆ ಒಂದು ಕಡೆ ಕೆಟ್ಟರೆ ಅಲ್ಲಿಂದ ಮುಂದಿನದು ಬಹುಮಟ್ಟಿಗೆ ಹೋದಂತೆಯೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಜಿಪ್ಪಿನಲ್ಲಾದರೆ ಕೆಟ್ಟ ಫೈಲು ಮಾತ್ರ ಹೋಗುತ್ತದೆ, ಪಕ್ಕದ್ದು ಉಳಿಯುತ್ತದೆ. ಕೆಟ್ಟದ್ದು ಯಾವುದೆಂದು ಹೇಳಲು ಪ್ರತಿ ಫೈಲಿಗೂ 4 ಬೈಟಿನ ತಾಳೆಯ ಸಂಖ್ಯೆ ಇದೆ. ಕೆಟ್ಟ ಫೈಲು ಆಕಸ್ಮಿಕವಾಗಿ ಅದೇ ಸಂಖ್ಯೆ ಕೊಟ್ಟು ಮೋಸ ಮಾಡುವ ಸಂಭವ ಸುಮಾರು 429 ಕೋಟಿಗೆ ಒಂದು. ಟಾರಿನ ಮೊತ್ತ ಚೀಟಿಯನ್ನಷ್ಟೇ ಕಾಯುತ್ತದೆ, ಒಡಲನ್ನು ಕಾಯುವುದಿಲ್ಲ.

ಈಗ ನಾವು ಹೇಳಬೇಕೆಂದು ಬಂದ ಮುಖ್ಯ ಮಾತು: ಹೆಸರು. ನಮ್ಮವರಲ್ಲಿ ಬಹುಮಂದಿ ಫೈಲಿಗೆ ಕನ್ನಡದಲ್ಲಿ ಹೆಸರಿಡಲು ಅಂಜುತ್ತಾರೆ. ಅಂಜಿಕೆಗೆ ಕಾರಣವಿದೆ. ಜಿಪ್ ಹುಟ್ಟಿದಾಗ ಹೆಸರುಗಳನ್ನು ಐಬಿಎಂ ಪಿಸಿಯ 437ನೆಯ ಸಂಕೇತಪಟ್ಟಿಯಲ್ಲಿ ಬರೆಯಬೇಕೆಂದಿತ್ತು. ಅದರಲ್ಲಿ ರೋಮನ್ ಅಕ್ಷರ, ಕೆಲವು ಗ್ರೀಕ್ ಅಕ್ಷರ, ಚೌಕಟ್ಟಿನ ಗೆರೆಗಳು ಇದ್ದುವು, ಕನ್ನಡಕ್ಕೆ ಎಡೆಯಿರಲಿಲ್ಲ. ಕನ್ನಡವೂ ಸೇರಿದ ಯೂನಿಕೋಡ್ 1991ರಲ್ಲಿ ಬಂತು. ಯುಟಿಎಫ್-8 ಎಂಬ ಅದರ ಬರೆವಣಿಗೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಅವುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ. ಹಳೆಯ ಪಟ್ಟಿಯ ಪ್ರಕಾರ ಓದಿದರೆ ಅದು ಗ್ರೀಕರ ಆಲ್ಫಾ. ‘ಕ’ ಎಂದು ಬರೆದದ್ದು ಒಂದು ಆಲ್ಫಾ, ಒಂದು ಮಬ್ಬು ಚೌಕ, ತಲೆಯ ಮೇಲೆ ಗೀಟಿರುವ ಒಂದು ಓ ಎಂದು ಕಾಣುತ್ತದೆ. ಗಂಟು ಬಿಚ್ಚಿದಾಗ ಆಲ್ಫಾಗಳ ಸಾಲು ಎದ್ದುನಿಂತರೆ ತಿಳಿಯಿರಿ: ಅಕ್ಷರಗಳು ಕೆಟ್ಟಿಲ್ಲ, ಓದಿದ ಕನ್ನಡಕ ಬೇರೆ. 2006ರಲ್ಲಿ ಜಿಪ್ಪಿನ ನಿಯಮ ತಿದ್ದಿ, ಈ ಹೆಸರು ಯುಟಿಎಫ್-8ರಲ್ಲಿದೆ ಎಂದು ಹೇಳುವ ಒಂದು ಗುರುತನ್ನು ಚೀಟಿಯಲ್ಲಿ ಸೇರಿಸಿದರು. ಒಂದೇ ಒಂದು ಬಿಟ್. ಒಂದು ಬೈಟಿನ ಎಂಟನೆಯ ಒಂದು ಪಾಲು. ಆ ಗುರುತು ಹಾಕುವ ಸಲಕರಣೆಯಲ್ಲಿ ಕಟ್ಟಿ, ಅದನ್ನು ಓದುವ ಸಲಕರಣೆಯಲ್ಲಿ ಬಿಚ್ಚಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಟಾರಿನ ತೊಂದರೆ ಬೇರೆ ರೀತಿಯದು. ‘ಕನ್ನಡ ರಾಜ್ಯೋತ್ಸವ ಸ್ಮರಣ ಸಂಚಿಕೆ’ ಎಂಬ ಹೆಸರನ್ನು ಲೆಕ್ಕ ಹಾಕೋಣ. ಇದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 35 ಬೈಟು. ಕನ್ನಡದಲ್ಲಿ ಒತ್ತು, ಕೊಂಬು, ಗುಡಿಸು ಎಲ್ಲ ಸೇರಿ 26 ಸಂಕೇತ, 78 ಬೈಟು; ನಡುವಿನ ಮೂರು ತೆರಪು ಕೂಡಿ 81. ಇದರ ಮುಂದೆ ಫೋಲ್ಡರಿನ ಹೆಸರು, ಹಿಂದೆ ಇಸವಿ ಬಂದರೆ 100 ಮೀರಿತು. 1988ರ ತಿದ್ದುಪಡಿಯಲ್ಲಿ ಫೋಲ್ಡರಿಗೆಂದು ಬೇರೆ 155 ಬೈಟು ಕೊಟ್ಟರು. 2001ರ ಪ್ಯಾಕ್ಸ್ ಎಂಬ ಕ್ರಮದಲ್ಲಿ ಉದ್ದ ಹೆಸರಿಗೆ ಚೀಟಿಯ ಮುಂದೆ ಇನ್ನೊಂದು ಚೀಟಿಯನ್ನೇ ಇಟ್ಟರು. ಈಗ ಅಡ್ಡಿಯಿಲ್ಲ.

ಇನ್ನೊಂದು ಸೂಕ್ಷ್ಮ ತರುಣರಿಗೆ. ‘ಜ್ಯೋ’ದಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಆಪಲ್ ಕಂಪೆನಿಯ ಹಿಂದಿನ ಫೈಲ್ ವ್ಯವಸ್ಥೆ ಬಿಡಿಸಿಯೇ ಇಡುತ್ತಿತ್ತು. ಕಣ್ಣಿಗೆ ಎರಡೂ ‘ರಾಜ್ಯೋತ್ಸವ’. ಯಂತ್ರಕ್ಕೆ ಒಂದು 30 ಬೈಟು, ಇನ್ನೊಂದು 36. ಒಂದರಲ್ಲಿ ಇಟ್ಟದ್ದನ್ನು ಇನ್ನೊಂದರಲ್ಲಿ ಹುಡುಕಿದರೆ ಇಲ್ಲವೆನ್ನುತ್ತದೆ. ಆದುದರಿಂದ ನಮ್ಮ ಹುಡುಗರು ಸಂಘಕ್ಕಾಗಿ ಸಲಕರಣೆಯೊಂದನ್ನು ಬರೆಯುವುದಾದರೆ, ಪಟ್ಟಿಯನ್ನು ಓದಿದೊಡನೆ ಬಾಬುಗಳನ್ನು ಬಂದ ಕ್ರಮದಲ್ಲೇ ಒಂದು ಸಾಲಾಗಿ ಇಟ್ಟುಕೊಳ್ಳಲಿ. ಹೆಸರಿನಿಂದ ಹುಡುಕುವುದಕ್ಕೆ ಪಕ್ಕದಲ್ಲಿ ಒಂದು ಹ್ಯಾಶ್ ಕೋಷ್ಟಕವಿರಲಿ. ಅದರ ಕೀಲಿಯನ್ನು ಮಾಡುವ ಮೊದಲು ಚಿಹ್ನೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರಲಿ. ಗಂಟಿಗೆ ಬರೆಯುವ ಹೆಸರನ್ನು ಮಾತ್ರ ಸದಸ್ಯರು ಕೊಟ್ಟಂತೆಯೇ ಬರೆಯಲಿ. ಜಿಪ್ಪಿನಲ್ಲಿ ಫೋಲ್ಡರೊಳಗೆ ಫೋಲ್ಡರು ಎಂಬ ಮರದ ಆಕಾರವಿಲ್ಲ. ಓರೆಗೆರೆಗಳಿರುವ ಉದ್ದ ಹೆಸರುಗಳಷ್ಟೆ. ಮರವನ್ನು ಬಿಚ್ಚುವವರೇ ಕಟ್ಟಿಕೊಳ್ಳಬೇಕು. ಮೇಲಿನ ಫೋಲ್ಡರಿಗೆ ಹತ್ತಿಸುವ ಎರಡು ಚುಕ್ಕೆಗಳು ಹೆಸರಿನಲ್ಲಿದ್ದರೆ ನಿರಾಕರಿಸಲಿ, ಅದು ಕಳ್ಳದಾರಿ.

ಜಿಪ್ಪಿನ ಮೂಲಚೀಟಿಯ ಸಮಯವನ್ನೂ ನಂಬಿ ಕೂರಬಾರದು. ಅದು ಗಡಿಯಾರದ ಸ್ಥಳೀಯ ಸಮಯ, ಎರಡು ಸೆಕೆಂಡಿಗೊಮ್ಮೆ ಎಣಿಸಿದ್ದು, 1980ರಿಂದ 2107ರ ವರೆಗಷ್ಟೇ ಹೇಳಬಲ್ಲುದು. ಇಲ್ಲಿ ರಾತ್ರಿ 9ಕ್ಕೆ ತಿದ್ದಿದ್ದು ಅಮೆರಿಕದಲ್ಲಿರುವ ಮಗಳಿಗೂ 9 ಎಂದೇ ಕಾಣಬಹುದು. ಪತ್ರದ ತಾರೀಖು ಮುಖ್ಯವಾದರೆ ಹೆಸರಿನಲ್ಲೇ ಬರೆಯಿರಿ.

ಸಮಿತಿಗೆ ನಮ್ಮ ಸಲಹೆ ಇಷ್ಟು. ಭಾವಚಿತ್ರದ ಜೆಪೆಗ್ ಫೈಲುಗಳು ಮೊದಲೇ ಒತ್ತಿದವು. ಮತ್ತೆ ಒತ್ತಿದರೆ ದಕ್ಕುವುದು ಅತ್ಯಲ್ಪ. ಜಿಪ್ಪಿನಲ್ಲಿ ಒತ್ತದೆ ಹಾಗೆಯೇ ಇಡುವ ವ್ಯವಸ್ಥೆಯಿದೆ, ಅದನ್ನು ಬಳಸೋಣ. ವರ್ಷಕ್ಕೊಂದು ಗಂಟು ಮಾಡೋಣ, ಎಲ್ಲ ಸೇರಿಸಿ ಒಂದೇ ಬೇಡ. ಹಳೆಯ ಕ್ರಮದ ಜಿಪ್ 429 ಕೋಟಿ ಬೈಟಿಗೂ 65,535 ಫೈಲಿಗೂ ನಿಂತುಬಿಡುತ್ತದೆ, 2001ರ ದೊಡ್ಡ ಕ್ರಮವನ್ನು ಎಲ್ಲ ಸಲಕರಣೆಗಳೂ ಅರಿಯವು. ಪಟ್ಟಿಯ ಒಂದು ಪ್ರತಿ ಕಾಗದದ ಮೇಲೆ ಅಚ್ಚಾಗಿ ಸಂಘದ ಬೀರುವಿನಲ್ಲಿರಲಿ. ಗಂಟಿನ ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ಊರಿನಲ್ಲಿ ಯಾರ ಮನೆಯಲ್ಲಾದರೂ ಇರಲಿ. ಕಟ್ಟಿದ ಮೇಲೆ ಬೇರೆ ಬಗೆಯ ಯಂತ್ರದಲ್ಲಿ ಒಮ್ಮೆ ಬಿಚ್ಚಿ ನೋಡಬೇಕು. ಕನ್ನಡದ ಹೆಸರುಗಳು ಸರಿಯಾಗಿ ಬಂದುವೇ ಎಂದು ನೋಡುವ ಈ ಕೆಲಸವನ್ನು ಕನ್ನಡ ಓದಬಲ್ಲ ಹಿರಿಯರೇ ವಹಿಸಿಕೊಳ್ಳಬೇಕೆಂದು ಪ್ರಾರ್ಥನೆ. ಆಲ್ಫಾ ಯಾವುದು, ‘ಕ’ ಯಾವುದು ಎಂದು ಪಕ್ಕದಲ್ಲಿ ಕೂತ ಮೊಮ್ಮಕ್ಕಳಿಗೆ ತೋರಿಸುವುದಕ್ಕೂ ಅನುಕೂಲವಾಗುತ್ತದೆ. ಹೆಸರು ಕೊಡತಕ್ಕವರು ಕಾರ್ಯದರ್ಶಿಗಳಲ್ಲಿ ಇಂದೇ ಬರೆಸಬಹುದು.